ಅಗರದಿಂದ ಸಂಸ ಬಯಲಿಗೆ

ಚಾಮರಾಜನಗರದ ಕಡೆಯ ಒಂದು ಹವ್ಯಾಸಿ ನಾಟಕ ತಂಡವು ನಾಟಕಕಾರ ಸಂಸರ ‘ವಿಗಡ ವಿಕ್ರಮರಾಯ’ವನ್ನು ಬೆಂಗಳೂರಿನ ಸಂಸ ಬಯಲು ರಂಗಮಂದಿರದಲ್ಲಿ ಆಡಲು ಹೊರಟಾಗ, ಹಸ್ತಪ್ರತಿ ಹಿಡಿದು ಸೈಡ್‌ವಿಂಗಿನಲ್ಲಿ ನಿಲ್ಲುವ ಕೆಲಸವನ್ನು ಒಪ್ಪಿಕೊಂಡು ನಾನೂ ಅವರ ಮಿನಿ ಬಸ್ಸು ಹತ್ತಿದೆ. ತಂಡದಲ್ಲಿ ಪ್ರೌಢಶಾಲೆಯ ಇಬ್ಬರು ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್, ಅರಿಸಿನ ಬೆಳೆಯುವ ರೈತರು, ಕಾಲೇಜು ಓದುತ್ತಿರುವ ಹುಡುಗ ಹುಡುಗಿಯರು ಇದ್ದರು. ಅವರು ಆಡುವ ನಾಟಕಗಳೆಲ್ಲ ಬಹುಮಟ್ಟಿಗೆ ತಮ್ಮ ಸೀಮೆಯ ಚರಿತ್ರೆಯವೇ. ಕೃಷ್ಣದೇವರಾಯನಿಗೆ ಎದುರು ನಿಂತ ಉಮ್ಮತ್ತೂರಿನ ಗಂಗರಾಜನನ್ನು ಕುರಿತು ತಾವೇ ಕಟ್ಟಿದ ಒಂದು ಆಟವನ್ನು ಅವರು ಜಾತ್ರೆಗಳಲ್ಲಿ ಹಲವು ವರ್ಷ ಆಡಿದ್ದಾರೆ. ಬಸ್ಸಿನ ಮೇಲೆ ತಾಡಪಾಲು ಹೊದಿಸಿ ಕಟ್ಟಿದ್ದ ರಂಗಪರಿಕರಗಳು ತೀರ ಕಡಿಮೆ: ನಾಲ್ಕಾರು ಮಣೆ, ಒಂದು ಸಿಂಹಾಸನ, ಕತ್ತಿಗಳ ಕಟ್ಟು, ಹಾರ್ಮೋನಿಯಂ, ಚಂಡೆ. ಪರದೆಯಾಗಲಿ ಬಾಡಿಗೆ ಸೀನರಿಯಾಗಲಿ ಇರಲಿಲ್ಲ.

ಸಂತೇಮರಹಳ್ಳಿ ದಾಟಿ ಯಳಂದೂರು ಸೇರುವ ಹೊತ್ತಿಗೆ ಬಿಸಿಲೇರಿತ್ತು. ಈ ಪುಟ್ಟ ಊರು ನಾಟಕಕಾರರಿಗೆ ಒದಗಿಸಬಹುದಾದ ಕಥೆಗಳಿಗೆ ಲೆಕ್ಕವಿಲ್ಲ. ಚಿಕ್ಕದೇವರಾಜ ಒಡೆಯರ ಪ್ರಧಾನಿಯಾಗಿದ್ದ ಜೈನ ಪಂಡಿತ ವಿಶಾಲಾಕ್ಷ ಈ ಊರಿನವನು. ತೆರಿಗೆಯ ಭಾರಕ್ಕೆ ರೈತರು ದಂಗೆಯೆದ್ದ ಕಾಲದಲ್ಲಿ ಅರಸನ ನೀತಿಗೆ ಹೊಣೆಗಾರನೆಂದು ಜನ ಎಣಿಸಿದ ಆತ 1686ರಲ್ಲಿ ಕೊಲೆಯಾದ. ಮುಂದೆ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು. ಗೌರೀಶ್ವರ ದೇವಾಲಯದ ಬಳೆಮಂಟಪದ ಕಲ್ಲಿನ ಬಳೆಗಳನ್ನು ನೋಡಲು ತಂಡದ ಹುಡುಗಿಯರು ಐದು ನಿಮಿಷ ಕೇಳಿ ಅರ್ಧ ಗಂಟೆ ತೆಗೆದುಕೊಂಡರು; ನಿರ್ದೇಶಕ ಮೇಷ್ಟ್ರು ಗೊಣಗಿದರಾದರೂ ತಾವೇ ಎಲ್ಲರಿಗಿಂತ ಕೊನೆಯಲ್ಲಿ ಬಸ್ಸು ಹತ್ತಿದರು.

ಯಳಂದೂರಿನಿಂದ ಕೊಳ್ಳೇಗಾಲದ ದಾರಿಯಲ್ಲಿ ಅಗರ ಸಿಗುತ್ತದೆ. ಸಂಸ ಎಂಬ ಹೆಸರಿನಲ್ಲಿ ಬರೆದ ಸಾಮಿ ವೆಂಕಟಾದ್ರಿ ಅಯ್ಯರ್ 1898ರಲ್ಲಿ ಹುಟ್ಟಿದ್ದು ಇಲ್ಲಿ. ಮೈಸೂರು ಅರಸರ ಚರಿತ್ರೆಯನ್ನೇ ವಸ್ತುವಾಗಿಸಿಕೊಂಡು ಇಪ್ಪತ್ತಕ್ಕೂ ಹೆಚ್ಚು ನಾಟಕಗಳನ್ನು ಅವರು ಬರೆದರೆಂದು ಹೇಳುತ್ತಾರೆ. ನಮಗೆ ಉಳಿದು ಬಂದಿರುವವು ‘ಸುಗುಣ ಗಂಭೀರ’, ‘ಬೆಟ್ಟದ ಅರಸು’, ‘ಬಿರುದಂತೆಂಬರ ಗಂಡ’, ‘ವಿಗಡ ವಿಕ್ರಮರಾಯ’, ‘ವಿಜಯನಾರಸಿಂಹ’ ಮತ್ತು ‘ಮಂತ್ರಶಕ್ತಿ’ ಎಂಬ ಆರು ಮಾತ್ರ. ನಿಂತಲ್ಲಿ ನಿಲ್ಲದ ಬದುಕು ಅವರದು. ಪೊಲೀಸರು ತನ್ನನ್ನು ಹಿಂಬಾಲಿಸುತ್ತಿದ್ದಾರೆಂಬ ಭಯ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1939ರಲ್ಲಿ ಮೈಸೂರಿನಲ್ಲಿ ಅವರು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಅರಮನೆಯ ಒಳಸಂಚು, ಗೂಢಚಾರಿಕೆ, ಯಾರನ್ನೂ ನಂಬಲಾಗದ ಒಂಟಿತನ ಇವೇ ಅವರ ನಾಟಕಗಳ ಉಸಿರಾಗಿರುವುದನ್ನು ಈ ಬದುಕಿನ ಜೊತೆ ಜೋಡಿಸಿ ವಿವರಿಸುವ ರೂಢಿಯಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಅವರು ಆರಿಸಿಕೊಂಡ ಚರಿತ್ರೆಯೇ ಸಂಚಿನಿಂದ ತುಂಬಿದ್ದು.

ಆ ಚರಿತ್ರೆ ಹೀಗಿದೆ. ರಾಜ ಒಡೆಯರ ಮಗ ಇಮ್ಮಡಿ ರಾಜ ಒಡೆಯರು ಒಂದು ವರ್ಷಕ್ಕೆ ತುಸು ಹೆಚ್ಚು ಕಾಲ ಶ್ರೀರಂಗಪಟ್ಟಣದಲ್ಲಿ ಆಳಿ 1638ರಲ್ಲಿ ತೀರಿಕೊಂಡರು. ದಳವಾಯಿ, ಅಂದರೆ ಸೇನಾಪತಿ, ವಿಕ್ರಮರಾಯನೇ ವಿಷವಿಕ್ಕಿಸಿದನೆಂದು ಚರಿತ್ರೆ ಹೇಳುತ್ತದೆ. ಆಮೇಲೆ ಪಟ್ಟಕ್ಕೆ ಬಂದವರು, ತೆರಕಣಾಂಬಿಯಲ್ಲಿ ತಂದೆಯೊಡನೆ ಇದ್ದ, ಇಪ್ಪತ್ತಮೂರರ ಹರೆಯದ ಕಂಠೀರವ ನರಸರಾಜ ಒಡೆಯರು. ತನ್ನ ಮುಂದೆ ಕೈಮುಗಿದು ನಿಂತಿರುವ ದಳವಾಯಿಯೇ ಹಿಂದಿನ ಅರಸನನ್ನು ಕೊಂದವನು ಎಂಬುದನ್ನು ಬಲ್ಲ ಅರಸ, ಅರಸನಿಗೆ ಅದು ತಿಳಿದಿದೆಯೋ ಇಲ್ಲವೋ ಎಂದು ಅಳೆಯುವ ದಳವಾಯಿ, ಇವರಿಬ್ಬರ ನಡುವಣ ಬಿಗಿಯೇ ನಾಟಕಕ್ಕೆ ಸಾಕು. ಕೊನೆಗೆ ವಿಕ್ರಮರಾಯ ಅರಸನ ಕಡೆಯವರ ಕೈಯಲ್ಲಿ ಸತ್ತ. ಕಂಠೀರವರು 1659ರವರೆಗೆ ಆಳಿದರು, ತಮ್ಮ ಹೆಸರಿನ ಹಣವನ್ನು ಟಂಕಿಸಿದರು, ಅವರ ಕಾಲದ ಮಹಾನವಮಿಯ ವೈಭವವನ್ನು ಗೋವಿಂದ ವೈದ್ಯ ಸಾಂಗತ್ಯದಲ್ಲಿ ಹಾಡಿದ. ಇಷ್ಟೆಲ್ಲ ನಡೆದದ್ದು ಶ್ರೀರಂಗಪಟ್ಟಣದಲ್ಲಿ. ಆದರೆ ತೆರಕಣಾಂಬಿ ಇಂದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿದೆ. ಕಂಠೀರವನ ಪಾತ್ರ ಮಾಡುವ ಕಂಡಕ್ಟರ್ ದಿನವೂ ಆ ಊರಿನ ಟಿಕೆಟ್ ಹರಿದುಕೊಡುವವನು. ಅರಸ ನಮ್ಮೂರಿನವನು ಎಂಬ ಸಲಿಗೆ ಅವನ ಅಭಿನಯದಲ್ಲಿದೆ, ಅದು ಒಳ್ಳೆಯದೇ.

ಸತ್ತೇಗಾಲದ ಬಳಿ ಕಾವೇರಿ ದಾಟಿ, ಮಳವಳ್ಳಿಯಲ್ಲಿ ಊಟ ಮಾಡಿ, ಕನಕಪುರದ ಮೇಲೆ ಬೆಂಗಳೂರು ಸೇರಿದೆವು. ಕನಕಪುರ ರಸ್ತೆಯ ವಾಹನ ದಟ್ಟಣೆಯ ಬಗ್ಗೆ ಬರೆಯುವಂಥದ್ದು ಏನೂ ಉಳಿದಿಲ್ಲ.

ಜೆ.ಸಿ. ರಸ್ತೆಯಲ್ಲಿ, ಪುರಭವನದಿಂದ ಕೂಗಳತೆಯ ದೂರದಲ್ಲಿ, ರವೀಂದ್ರ ಕಲಾಕ್ಷೇತ್ರವಿದೆ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ಈ ರಂಗಮಂದಿರ 1963ರಲ್ಲಿ ಉದ್ಘಾಟನೆಯಾಯಿತು. ಅದರ ಬೆನ್ನಿಗಿರುವುದೇ ಸಂಸರ ಹೆಸರು ಹೊತ್ತ ಬಯಲು ರಂಗಮಂದಿರ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕೂರುವ ಜಾಗ, ಮೇಲೆ ಆಕಾಶ, ಆಚೆ ರಸ್ತೆಯ ಹಾರ್ನು. ಕನ್ನಡದ ಆಧುನಿಕ ರಂಗಭೂಮಿಯ ಮಟ್ಟಿಗೆ ಇದು ಪುಣ್ಯಭೂಮಿ. ಬಿ.ವಿ. ಕಾರಂತರು 1972ರಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಈ ಮೂರನ್ನೂ ಬಯಲಿಗೆ ತಂದದ್ದು ಕಲಾಕ್ಷೇತ್ರದ ಈ ಹಿತ್ತಲಿನಲ್ಲಿ. ಅವುಗಳಲ್ಲಿ ಲಂಕೇಶರ ‘ಸಂಕ್ರಾಂತಿ’ ಬಸವಣ್ಣ ಮತ್ತು ಬಿಜ್ಜಳರ ಕಲ್ಯಾಣದ ಕಥೆ. ಅದಕ್ಕೂ ಮೊದಲೇ, 1964ರಲ್ಲಿ, ಗಿರೀಶ ಕಾರ್ನಾಡರು ದೆಹಲಿಯ ‘ತುಘಲಕ್’ನನ್ನು ಕನ್ನಡಕ್ಕೆ ತಂದಿದ್ದರು, ಆಮೇಲೆ ಅವರೇ ಕಲ್ಯಾಣಕ್ಕೂ ಟಿಪ್ಪುವಿನ ಪಟ್ಟಣಕ್ಕೂ ವಿಜಯನಗರದ ಪತನಕ್ಕೂ ನಾಟಕ ಬರೆದರು. ಬೆಂಗಳೂರಿನ ಹವ್ಯಾಸಿ ತಂಡಗಳು ಇವನ್ನೆಲ್ಲ ಮನಸಾರೆ ಆಡಿವೆ. ನಗರದ ರಂಗಭೂಮಿ ಚರಿತ್ರೆಗೆ ಬೆನ್ನು ತಿರುಗಿಸಿದೆ ಎಂದು ಯಾರೂ ಹೇಳಲಾರರು. ಆದರೆ ಅದು ಎತ್ತಿಕೊಂಡದ್ದು ಹೆಚ್ಚಾಗಿ ಬೇರೆ ಊರುಗಳ ಚರಿತ್ರೆಯನ್ನು.

ಮಧ್ಯಾಹ್ನವಿಡೀ ಬೆಳಕಿನ ಹೊಂದಾಣಿಕೆಗೆ ಹೋಯಿತು. ವಿಕ್ರಮರಾಯನ ಪಾತ್ರ ಮಾಡುವವರು ಎಪ್ಪತ್ತನ್ನು ಸಮೀಪಿಸಿದ ಹಿರಿಯರು. ಎಳೆಯ ವಯಸ್ಸಿನಿಂದಲೂ ಪೌರಾಣಿಕ ನಾಟಕಗಳಲ್ಲಿ ದುರ್ಯೋಧನನಾಗಿ, ಶಕುನಿಯಾಗಿ ಹಾಡಿ ಪಳಗಿದವರು. ಇಡೀ ತಂಡ ಅವರನ್ನು ‘ದೊಡ್ಡಪ್ಪ’ ಎಂದೇ ಕರೆಯುತ್ತದೆ. ಹಿಂಬದಿಯ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಅವರು, “ಇಲ್ಲಿ ಕುಂತ್ಕಂಡು ನೋಡೋರೆಲ್ಲಾ ಬಲ್ಲೋರು ಸಾ. ನಮ್ ನಾಲ್ಗೆ ಕೇಳಿ ನಗ್ತಾರೇನೋ” ಎಂದರು. ಅವರ ಆತಂಕಕ್ಕೆ ಕಾರಣವಿತ್ತು. ಸಂಸರ ಸಂಭಾಷಣೆ ಹಳಗನ್ನಡದ ಛಾಯೆಯುಳ್ಳ, ಸಮಾಸಗಳಿಂದ ಬಿಗಿದ ಗದ್ಯ. ಓದುವಾಗಲೇ ಉಸಿರು ಹಿಡಿಯಬೇಕಾಗುತ್ತದೆ, ಇನ್ನು ಆಡುವಾಗ ಕೇಳಬೇಕೆ. ಪಟ್ಟಣದ ತಂಡಗಳು ಇದನ್ನು ಎತ್ತಿಕೊಂಡಾಗ ಒಂದೋ ಭಾಷಣದ ಧಾಟಿಗೆ ಜಾರುತ್ತವೆ, ಇಲ್ಲವೇ ಭಾಷೆಯನ್ನು ಸಡಿಲಿಸಿ ಇಂದಿನ ಮಾತಿಗೆ ತರುತ್ತವೆ. ಮೇಷ್ಟ್ರು ಎರಡನ್ನೂ ಒಪ್ಪಿರಲಿಲ್ಲ. ತಾಲೀಮಿನ ಮೊದಲ ತಿಂಗಳು ಅವರು ನಟರಿಗೆ ಚಲನೆಯನ್ನೇ ಕೊಡದೆ, ಮಾತನ್ನು ಹಾರ್ಮೋನಿಯಂ ಶ್ರುತಿಗೆ ಕೂರಿಸಿ ಆಡಿಸಿದ್ದರಂತೆ.

ಸಂಜೆ ನಾಟಕ ಶುರುವಾದ ಕೆಲವೇ ನಿಮಿಷಗಳಲ್ಲಿ ಆ ಶ್ರಮದ ಫಲ ಕಾಣತೊಡಗಿತು. ದೊಡ್ಡಪ್ಪನವರು ಪ್ರೇಕ್ಷಕರ ನಡುವಿನ ಮೆಟ್ಟಿಲುಗಳನ್ನು ಇಳಿಯುತ್ತ ಬಂದರು. ಕಿರೀಟವಿಲ್ಲ, ಮಿನುಗುವ ಜರಿಯಿಲ್ಲ, ಒಂದು ಮಾಸಲು ಶಾಲು ಮಾತ್ರ. ಆ ದೀರ್ಘ ವಾಕ್ಯಗಳನ್ನು ಅವರು, ಊರಿನ ಪಂಚಾಯಿತಿ ಕಟ್ಟೆಯಲ್ಲಿ ಕುಳಿತ ಯಜಮಾನನೊಬ್ಬ ತೀರ್ಮಾನ ಹೇಳುವ ಹಾಗೆ, ಎಲ್ಲಿ ಬೇಕೋ ಅಲ್ಲಿ ನಿಂತು, ಎದುರಿನವನ ಮುಖ ಓದಿ, ಮುಂದಕ್ಕೆ ನಡೆಸಿದರು. ಹಕಾರ ಅಲ್ಲಲ್ಲಿ ಜಾರಿತು, ಒಂದೆರಡು ಮಹಾಪ್ರಾಣಗಳು ಅಲ್ಪಪ್ರಾಣಗಳಾದವು, ನಗು ಕೇಳಿಬರಲಿಲ್ಲ. ಸಂಸರ ಭಾಷೆ ಪಂಡಿತರ ಭಾಷೆಯೆಂದು ನಾವು ದೂರವಿಟ್ಟದ್ದೇ ಹೆಚ್ಚು. ಕಾವೇರಿಯ ಈಚೆ ಆಚೆಯ ಹಳ್ಳಿಗಳ ಮಾತಿನ ಏರಿಳಿತದೊಳಗೆ ಅದು ಸಲೀಸಾಗಿ ಕೂರುತ್ತದೆ ಎಂಬುದನ್ನು ಹಸ್ತಪ್ರತಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ ನಾನು ಪುಟ ಪುಟದಲ್ಲೂ ಕೇಳಿದೆ. ಒಮ್ಮೆಯೂ ಅವರಿಗೆ ಮಾತು ಎತ್ತಿಕೊಡಬೇಕಾಗಿ ಬರಲಿಲ್ಲ.

ಕುಂದುಗಳೂ ಇದ್ದವು. ಕಂಠೀರವನ ಪಾತ್ರಧಾರಿ ಕತ್ತಿ ಹಿಡಿದಾಗ ಚೆನ್ನಾಗಿದ್ದ; ಸುಮ್ಮನೆ ಕೇಳಿಸಿಕೊಳ್ಳಬೇಕಾದಲ್ಲಿ, ಅಂದರೆ ನಾಟಕದ ನಿಜವಾದ ಕಷ್ಟದ ಜಾಗಗಳಲ್ಲಿ, ಚಡಪಡಿಸಿದ. ಚಂಡೆಯನ್ನು ಅಗತ್ಯಕ್ಕಿಂತ ಹೆಚ್ಚು ಬಾರಿಸಿದರು. ಚರಿತ್ರೆಯ ನಾಟಕವೆಂದರೆ ಯುದ್ಧದ ಸದ್ದು ಬೇಕೆಂಬ ಹಳೆಯ ಕಂಪನಿ ನಾಟಕದ ನಂಬಿಕೆ ಅಷ್ಟು ಸುಲಭವಾಗಿ ಹೋಗುವುದಿಲ್ಲವೇನೋ. ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದನ್ನು ಕಂಡು ಕೇಳಿ ಬೆಳೆದ ನಾಡು ನಮ್ಮದು. ಈ ನಾಟಕಕ್ಕಾದರೋ ಒಂದು ಬಟ್ಟಲು ಹಾಲು ಸಾಕು. ಅದರಲ್ಲಿ ವಿಷವಿದೆಯೋ ಇಲ್ಲವೋ ಎಂಬ ಸಂಶಯ ಆನೆಗಿಂತ ದೊಡ್ಡದು.

ಆಟ ಮುಗಿದ ಮೇಲೆ ಕೆಲವರು ರಂಗಕ್ಕೆ ಬಂದು ಮಾತನಾಡಿಸಿದರು. ಒಬ್ಬ ಯುವತಿ, ಇದೇ 1638ರಲ್ಲಿ ಬೆಂಗಳೂರಿನಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಅದೇ ವರ್ಷ ಬಿಜಾಪುರದ ರಣದುಲ್ಲಾ ಖಾನ್ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಕಸಿದುಕೊಂಡ. ಊರು ಶಿವಾಜಿಯ ತಂದೆ ಶಹಾಜಿಗೆ ಜಹಗೀರಾಯಿತು. ಮರುವರ್ಷ ಖಾನ್ ಶ್ರೀರಂಗಪಟ್ಟಣಕ್ಕೂ ಮುತ್ತಿಗೆ ಹಾಕಿದಾಗ ಅವನನ್ನು ಹಿಮ್ಮೆಟ್ಟಿಸಿದವರು ಇದೇ ಕಂಠೀರವರು. ಅಂದರೆ ನಾವು ರಂಗದ ಮೇಲೆ ಕಂಡ ಆ ಸಂಚಿನ ಹೊತ್ತಿನಲ್ಲೇ ನಾವು ಕುಳಿತಿದ್ದ ಊರು ಕೈಬದಲಾಗುತ್ತಿತ್ತು. ಮೇಷ್ಟ್ರು ಇದನ್ನು ವಿವರಿಸುತ್ತಿದ್ದಂತೆ ಹುಡುಗರು ಕತ್ತಿಗಳನ್ನು ಕಟ್ಟುವುದನ್ನು ನಿಲ್ಲಿಸಿ ಕೇಳತೊಡಗಿದರು.

ಹಾಗಾಗಿ ಮರುದಿನ ಬೆಳಿಗ್ಗೆ, ಊರಿಗೆ ಹೊರಡುವ ಮುನ್ನ, ಎಲ್ಲರೂ ಕಲಾಕ್ಷೇತ್ರದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ನಡೆದೇ ಹೋದೆವು. ಹೂವಿನ ಮೂಟೆಗಳನ್ನು ಹೊತ್ತವರ ನಡುವೆ ದಾರಿ ಮಾಡಿಕೊಂಡು ಕೋಟೆಯ ಬಾಗಿಲು ತಲುಪಬೇಕು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. 1687ರಲ್ಲಿ ಮೊಗಲರ ಸೇನಾನಿ ಕಾಸಿಂ ಖಾನ್ ಊರನ್ನು ಹಿಡಿದ ಮೇಲೆ ಅದನ್ನು ಮೂರು ಲಕ್ಷ ರೂಪಾಯಿಗೆ ಕೊಂಡವರು ಚಿಕ್ಕದೇವರಾಜ ಒಡೆಯರು. ಯಳಂದೂರಿನ ವಿಶಾಲಾಕ್ಷ ಪಂಡಿತ ಕೊಲೆಯಾದ ಮರುವರ್ಷದ ಮಾತು ಇದು. ರೈತರಿಂದ ಎತ್ತಿದ ತೆರಿಗೆಯ ಹಣವೂ ಈ ಊರಿನ ಕ್ರಯವೂ ಒಂದೇ ಬೊಕ್ಕಸದ ಎರಡು ಬಾಗಿಲುಗಳು. ಈ ಎರಡನ್ನು ಒಂದೇ ರಂಗದಲ್ಲಿ ತರುವ ನಾಟಕ ಯಳಂದೂರಿಗೂ ಬೇಕು, ಬೆಂಗಳೂರಿಗೂ ಬೇಕು. ಮುಂದೆ ಹೈದರ್ ಅಲಿ 1761ರಲ್ಲಿ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲು, ಅದರ ಅಕ್ಕಪಕ್ಕದ ಒಂದಿಷ್ಟು ಗೋಡೆ, ಬುರುಜು, ಒಳಗೊಂದು ಗಣಪತಿ ಗುಡಿ.

ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಪಡೆ 1791ರ ಮಾರ್ಚ್ 7ರಂದು ಪೇಟೆಯನ್ನೂ 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಇಂಥ ಬಿರುಕಿನ ಮೂಲಕ ಬ್ರಿಟಿಷರು ದಾಳಿಯಿಟ್ಟರೆಂದು ಸಾರುವ ಕಲ್ಲಿನ ಫಲಕವಿದೆ. ಅದರಲ್ಲಿ ನುಗ್ಗಿದವರ ಹೆಸರಿದೆ, ತಡೆದವರದಿಲ್ಲ. ತಡೆಯುತ್ತ ಸತ್ತವನು ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ಬಹಾದುರ್ ಖಾನ್. ಎಪ್ಪತ್ತರ ವಯಸ್ಸಿನ, ಎತ್ತರದ, ಉದ್ದನೆಯ ಬಿಳಿ ಗಡ್ಡದ ಆ ಮುದುಕನನ್ನು ಎದುರು ಪಾಳೆಯದವರೇ ಮೆಚ್ಚಿ ವರ್ಣಿಸಿದ್ದಾರೆ. ಮೇಷ್ಟ್ರು ಇದನ್ನು ಹೇಳಿ ಮುಗಿಸುವ ಮೊದಲೇ ದೊಡ್ಡಪ್ಪನವರು ಗೋಡೆಯ ಉದ್ದಕ್ಕೂ ನಡೆದು, ಎಲ್ಲಿಂದ ಪ್ರವೇಶ, ಎಲ್ಲಿ ನಿಲ್ಲುವುದು, ಪ್ರೇಕ್ಷಕರನ್ನು ಎಲ್ಲಿ ಕೂರಿಸುವುದು ಎಂದು ಹೆಜ್ಜೆ ಹಾಕಿ ಅಳೆಯತೊಡಗಿದ್ದರು.

“ಗಡ್ಡ ಬುಟ್ರೆ ಎರಡು ತಿಂಗ್ಳಲ್ಲಿ ಬಂದ್ಬುಡ್ತದೆ ಸಾ. ಬರ್ಕೊಡೋರು ಯಾರು?” ಎಂದು ಅವರು ನನ್ನ ಕೈಯಲ್ಲಿದ್ದ ಹಸ್ತಪ್ರತಿಯ ಕಡೆ ನೋಡಿದರು. ಮೇಷ್ಟ್ರು ಮಾತ್ರ, ಮೊದಲು ತೆರಕಣಾಂಬಿಯಲ್ಲಿ ವಿಕ್ರಮರಾಯನ ಪ್ರದರ್ಶನ ಆಗಲಿ, ಚಂಡೆಯನ್ನು ಅರ್ಧಕ್ಕೆ ಇಳಿಸೋಣ, ಆಮೇಲೆ ಈ ಮಾತು ಎಂದು ಹೇಳಿ ಬಸ್ಸಿನ ಕಡೆಗೆ ನಡೆದರು.