ಎರಡನೇ ಪಿನ್ನು, ಮೂರನೇ ಪಿನ್ನು

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯವರಿಗೆ ಬೇಕಾಗಿದ್ದು ಇಷ್ಟೇ. ಯಾವ ಎಕ್ಸ್‌ಟೆನ್ಶನ್‌ನಿಂದ ಯಾವ ನಂಬರಿಗೆ ಎಷ್ಟು ಹೊತ್ತು ಕಾಲ್ ಹೋಯಿತು ಅನ್ನೋದು ಅಕೌಂಟ್ಸ್ ಕಂಪ್ಯೂಟರಿನಲ್ಲಿ ಕಾಣಬೇಕು. ಈ ಲೆಕ್ಕವನ್ನು ಇಪಿಎಬಿಎಕ್ಸ್, ಅಂದರೆ ಆಫೀಸಿನ ಒಳಗಿನ ಫೋನ್ ಎಕ್ಸ್‌ಚೇಂಜ್, ತಾನೇ ಇಟ್ಟಿರುತ್ತದೆ. ನಮ್ಮ ಕೆಲಸದಲ್ಲಿ ಅದಕ್ಕೆ ಎಸ್‌ಎಂಡಿಆರ್ ಅಂತೀವಿ. ಅವರ ಎಕ್ಸ್‌ಚೇಂಜಿನಲ್ಲಿ ಅದನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಕಳಿಸೋ ಸೀರಿಯಲ್ ಕಾರ್ಡ್ ಮಾತ್ರ ಇರಲಿಲ್ಲ.

ಕೆಲಸದ ಹೊತ್ತಿನಲ್ಲಿ ಫೋನ್ ಬಂದ್ ಮಾಡೋ ಹಾಗಿಲ್ಲ. ಊಟದ ಬಿಡುವಿಗೆ ಕಾದೆ. ಮೇನ್ ಸ್ವಿಚ್ ಆರಿಸಿದರೆ ಸಾಲದು, ಎಕ್ಸ್‌ಚೇಂಜಿನ ಬ್ಯಾಟರಿ ವೈರೂ ಬಿಚ್ಚಬೇಕು. ಕರೆಂಟ್ ಇದ್ದಾಗಲೇ ಕಾರ್ಡ್ ತಳ್ಳಿದರೆ ಇಡೀ ಬೋರ್ಡ್ ಹೋಗಬಹುದು. ಇಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಕಾರ್ಡ್ ಕೂತಿತು. ಎಕ್ಸ್‌ಚೇಂಜ್, ಕಂಪ್ಯೂಟರ್ ಎರಡೂ ಕಡೆ ಒಂದೇ ಸೆಟ್ಟಿಂಗ್ ಇರಬೇಕು; 9600 ಸ್ಪೀಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಅಂತ ಇಟ್ಟೆ. ಪೇಟೆಯಿಂದ ತರಿಸಿಟ್ಟಿದ್ದ ಕೇಬಲ್ ಹಾಕಿದೆ. ಕಾಲ್ ಮಾಡಿಸಿದರೂ ಪರದೆ ಖಾಲಿ.

"ಮಷಿನ್ನೇ ಕೆಟ್ಟೈತೇನ್ರಿ?" ಅಂದರು ಅಕೌಂಟ್ಸ್ ನೋಡುವ ಹಿರಿಯರು.

"ಇಲ್ರಿ ಕಾಕಾ, ಮೀಟರ್ ಹಚ್ಚಿ ನೋಡೂಣು ತಡೀರಿ."

ಸ್ಪೀಡ್ ತಪ್ಪಿದ್ದರೆ ಕಸದಂಥ ಅಕ್ಷರಗಳಾದರೂ ಬರುತ್ತಿದ್ದವು. ಏನೂ ಬಂದಿಲ್ಲ ಅಂದರೆ ಮೊದಲು ವೈರನ್ನೇ ನೋಡಬೇಕು. ಸೀರಿಯಲ್ ಪೋರ್ಟಿನಲ್ಲಿ ನನಗೆ ಇಷ್ಟವಾಗೋದೇ ಇದು: ಸಾದಾ ಮಲ್ಟಿಮೀಟರಿನಲ್ಲೇ ಗೊತ್ತಾಗುತ್ತದೆ. ಕಳಿಸುವ ಪಿನ್ ಸುಮ್ನೆ ಇದ್ದಾಗಲೂ ಅದರ ಮೇಲೆ ಮೈನಸ್ ವೋಲ್ಟೇಜ್ ನಿಂತಿರುತ್ತದೆ. ಕಪ್ಪು ಪ್ರೋಬನ್ನು ಐದನೇ ಪಿನ್ನಿಗೆ, ಅಂದರೆ ಗ್ರೌಂಡಿಗೆ ಹಿಡಿದೆ. ಕೆಂಪನ್ನು ಎಕ್ಸ್‌ಚೇಂಜಿನ ಎರಡನೇ ಪಿನ್ನಿಗೆ ಮುಟ್ಟಿಸಿದೆ. ಮೈನಸ್ 9 ವೋಲ್ಟ್! ಅಂದರೆ ಎಕ್ಸ್‌ಚೇಂಜ್ ಮಾತಾಡೋದು ಈ ಪಿನ್ನಿನಲ್ಲಿ. ಕಂಪ್ಯೂಟರ್ ಕೇಳಿಸಿಕೊಳ್ಳೋದೂ ಎರಡನೇ ಪಿನ್ನಿನಲ್ಲೇ. ಹಾಗಾದರೆ ಕೇಬಲ್ ನೇರ, ಎರಡರಿಂದ ಎರಡಕ್ಕೇ ಇರಬೇಕು, ಅಲ್ವಾ? ಕಂಪ್ಯೂಟರ್ ಕಡೆಯ ತುದಿ ಬಿಚ್ಚಿ ಅಳೆದರೆ ಅದೇ 9 ವೋಲ್ಟ್ ಮೂರರಲ್ಲಿ, ಅಂದರೆ ಕಂಪ್ಯೂಟರ್ ಕಳಿಸುವ ಪಿನ್ನಿನಲ್ಲಿ ಬರುತ್ತಿದೆ. ಕ್ರಾಸ್ ಕೇಬಲ್. ಕಳಿಸುವ ಎರಡೂ ಪಿನ್ನುಗಳು ಒಂದೇ ವೈರಿಗೆ ಬಿದ್ದಿದ್ದವು.

ಕನೆಕ್ಟರಿನ ಹುಡ್ ತೆಗೆದು ಎರಡು, ಮೂರು ವೈರ್ ಅದಲು ಬದಲು ಮಾಡಿ ಬೆಸುಗೆ ಹಾಕಿದೆ. ಕಾಕಾ ಮತ್ತೆ ಡಯಲ್ ಮಾಡಿದರು. "ಇನ್ನೂ ಬರವಲ್ದಲ್ರಿ!"

"ಫೋನ್ ಕೆಳಗಿಡ್ರಿ, ಬರ್ತದ."

ರಿಸೀವರ್ ಇಟ್ಟ ಕೂಡಲೇ ಒಂದು ಸಾಲು ಮೂಡಿತು: ತಾರೀಖು, ಟೈಮು, ಎಕ್ಸ್‌ಟೆನ್ಶನ್, ಹೊರಗಿನ ಲೈನು, ನಂಬರು, ಎಷ್ಟು ಹೊತ್ತು. ಕಾಲ್ ಮುಗಿದರೇ ತಾನೆ ಲೆಕ್ಕ! ಕಾಕಾ ಕನ್ನಡಕ ಏರಿಸಿ ಅದನ್ನು ಓದಿದ ಖುಷಿ ನನಗೂ ಬಂತು.

ಊಟ ಮುಗಿದು ಫರ್ನೇಸ್ ಶುರುವಾದಾಗ ಸಾಲುಗಳ ನಡುವೆ ವಿಚಿತ್ರ ಅಕ್ಷರಗಳು ಬರತೊಡಗಿದವು. ಕೇಬಲ್ ದಪ್ಪ ಪವರ್ ಕೇಬಲ್ಲಿನ ಮಗ್ಗುಲಲ್ಲೇ ಹಾದುಹೋಗಿತ್ತು. ಸೀರಿಯಲ್ ಕೇಬಲ್ 15 ಮೀಟರ್ ಒಳಗಿದ್ದರೆ ಒಳ್ಳೆಯದು. ಫೌಂಡ್ರಿಯಲ್ಲಿ ಅದು ಹಾದುಹೋಗುವ ದಾರಿಯೂ ಅಷ್ಟೇ ಮುಖ್ಯ. ಶೀಲ್ಡ್, ಅಂದರೆ ವೈರುಗಳ ಸುತ್ತ ಲೋಹದ ಹೊದಿಕೆ ಇರುವ ಕೇಬಲ್ ತರಿಸಿ, ಬೇರೆ ಗೋಡೆಯ ಮೇಲೆ ಎಳೆದು, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿದೆ. ಆಮೇಲೆ ಫರ್ನೇಸ್ ನಡೆಯುತ್ತಿದ್ದರೂ ಸಾಲುಗಳು ಸ್ವಚ್ಛ ಬಂದವು.

ಉಳಿದದ್ದು ಟೈಮು. ಸಾಲಿನಲ್ಲಿ ಬರುವ ಟೈಮು ಎಕ್ಸ್‌ಚೇಂಜಿನದು, ಕಂಪ್ಯೂಟರಿನದಲ್ಲ. ಅದು ಹಿಂದೆ ಬಿದ್ದಿತ್ತು. ಆಪರೇಟರ್ ಫೋನಿನಿಂದ ಕೋಡ್ ಒತ್ತಿ ಸರಿ ಮಾಡಿದೆ. ಕಾಕಾ ಆಗಲೇ ಯಾವ ವಿಭಾಗಕ್ಕೆ ಯಾವ ಎಕ್ಸ್‌ಟೆನ್ಶನ್ ಅಂತ ಪಟ್ಟಿ ಬರೆಯಲು ಕೂತಿದ್ದರು.