ಮನೆಗಾಡಿಯ ಹೆಡ್‌ಲೈಟ್: ಬಲ್ಬ್ ಬದಲಿಸುವ ಮೊದಲು ಮಾಡಿದ ಕೆಲಸಗಳು

ಹಳೆಯ ಮಿನಿ ಬಸ್ಸನ್ನು ಮನೆಗಾಡಿಯಾಗಿ ಮಾರ್ಪಡಿಸುವ ಕೆಲಸದಲ್ಲಿ ಮಂಚ, ಅಡುಗೆಕಟ್ಟೆ, ನೀರಿನ ಟ್ಯಾಂಕ್ ಹಾಗೂ ಒಳಗಿನ ವೈರಿಂಗ್ ಮುಗಿದ ನಂತರ ಉಳಿದಿದ್ದ ದೊಡ್ಡ ಕೊರತೆ ಹೆಡ್‌ಲೈಟಿನದು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಮಾರ್ಗವಾಗಿ ಪಾವಗಡದ ಕಡೆಗೆ ರಾತ್ರಿ ಹೊರಟರೆ, ಎದುರಿನ ವಾಹನಕ್ಕಾಗಿ ಡಿಮ್ ಮಾಡಿದ ಕೂಡಲೇ ರಸ್ತೆಯ ಎಡ ಅಂಚು ಕಾಣದಾಗುತ್ತಿತ್ತು. ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಬಣ್ಣ ಅಳಿಸಿಹೋದ ಹಂಪ್, ಕೆಟ್ಟು ನಿಂತಿದ್ದ ಲಾರಿ ಹೋದ ಮೇಲೂ ಅಲ್ಲೇ ಉಳಿದ ಕಲ್ಲುಗಳು, ಸುಗ್ಗಿಯಲ್ಲಿ ಒಕ್ಕಣೆಗೆಂದು ಹರಡಿದ ರಾಗಿ ಮತ್ತು ಹುರುಳಿ, ಇವೆಲ್ಲ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಇರುವಂಥವೇ. ಒಕ್ಕಣೆಯ ಹುಲ್ಲಿನ ಮೇಲೆ ಬ್ರೇಕ್ ಒತ್ತಿದರೆ ಭಾರದ ಗಾಡಿ ಜಾರುತ್ತದೆ. ಆದ್ದರಿಂದ ಅದರ ಮೇಲೆ ಚಕ್ರ ಹತ್ತುವುದಕ್ಕೆ ಬಹಳ ಮುಂಚೆಯೇ ಅದು ಕಾಣಿಸಬೇಕು. ಹಿಂದೆ ಮಂಚದ ಮೇಲೆ ಮಕ್ಕಳು ಮಲಗಿರುವ ಗಾಡಿಯಲ್ಲಿ ಈ ವಿಷಯವನ್ನು ಮುಂದೂಡಲು ನನಗೆ ಮನಸ್ಸಾಗಲಿಲ್ಲ.

ಸಲಹೆ ಕೇಳಿದವರಲ್ಲಿ ಹೆಚ್ಚಿನವರು ಎರಡೇ ದಾರಿ ಹೇಳಿದರು: 100/90 ವ್ಯಾಟ್ (ಬ್ರೈಟ್‌ಗೆ 100, ಡಿಮ್‌ಗೆ 90) ಬಲ್ಬ್ ಹಾಕುವುದು, ಇಲ್ಲವೇ ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬ್ ಹಾಕುವುದು. ಎರಡನ್ನೂ ನಾನು ಒಪ್ಪಲಿಲ್ಲ. ನಮ್ಮ ಗಾಡಿಯಲ್ಲಿರುವುದು ಎಚ್4 ಮಾದರಿಯ 60/55 ವ್ಯಾಟ್ ಹ್ಯಾಲೊಜನ್ ಬಲ್ಬ್. ಅದರೊಳಗೆ ಎರಡು ತಂತಿಸುರುಳಿಗಳಿದ್ದು, ಡಿಮ್ ಬೆಳಕಿನ ಸುರುಳಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ. ಕೆಳಕ್ಕೆ ಹೋಗುವ ಬೆಳಕನ್ನು ಆ ಬಟ್ಟಲು ತಡೆಯುವುದರಿಂದಲೇ ಎದುರಿನವರ ಕಣ್ಣಿಗೆ ಬೀಳದಂತೆ ಬೆಳಕಿನ ಮೇಲಂಚು ಕತ್ತರಿಸಿದಂತೆ ನಿಲ್ಲುತ್ತದೆ. ಪ್ರತಿಫಲಕವನ್ನು ಆ ಸುರುಳಿ ಇರುವ ಜಾಗವನ್ನು ಲೆಕ್ಕಹಾಕಿಯೇ ರೂಪಿಸಿರುತ್ತಾರೆ. ಎಲ್‌ಇಡಿ ಚಿಪ್ ಆ ಜಾಗದಿಂದ ಒಂದೆರಡು ಮಿಲಿಮೀಟರ್ ಸರಿದಿದ್ದರೂ ಬೆಳಕು ಚದುರಿ, ನಮಗೆ ದೂರ ಕಾಣದೆ, ಎದುರಿನ ಬೈಕ್ ಸವಾರನ ಕಣ್ಣು ಕುಕ್ಕುತ್ತದೆ. 100 ವ್ಯಾಟಿನ ಬಲ್ಬಾದರೆ ಹಳೆಯ ತೆಳು ವೈರು ಮತ್ತು ಪ್ಲಾಸ್ಟಿಕ್ ಹೋಲ್ಡರ್ ಆ ಶಾಖವನ್ನು ತಡೆಯುವುದಿಲ್ಲ. ಇದಲ್ಲದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು, ಮುಂದೀಪದ ಬೆಳಕು ಎದುರಿನವರ ಕಣ್ಣು ಕೋರೈಸದಂತೆ ಕೆಳಮುಖವಾಗಿರಬೇಕು ಎಂದು ಸ್ಪಷ್ಟವಾಗಿ ಹೇಳುತ್ತವೆ.

ತುಮಕೂರಿನ ಬಟವಾಡಿಯ ಹತ್ತಿರ ಬಹುಕಾಲದಿಂದ ಲಾರಿಗಳ ವೈರಿಂಗ್ ಮಾಡುವ ಹಿರಿಯರೊಬ್ಬರು ಮಾತ್ರ ಬೇರೆ ಮಾತು ಹೇಳಿದರು: “ಸಾರ್, ಬಲ್ಬ್ ಆಮೇಲೆ ನೋಡೋಣ, ಮೊದಲು ಬಲ್ಬಿನ ಹತ್ರ ಎಷ್ಟು ವೋಲ್ಟ್ ಬರ್ತಾ ಇದೆ ಅಂತ ನೋಡಿ.” ಈ ಇಡೀ ಕೆಲಸದ ದಿಕ್ಕು ಆ ಮಾತಿನಿಂದ ನಿಶ್ಚಯವಾಯಿತು.

ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಅಳತೆ ಮಾಡಬೇಕು. ದೀಪ ಆರಿಸಿ ಅಳೆದರೆ ವೈರಿನಲ್ಲಿ ಕರೆಂಟ್ ಹರಿಯದ ಕಾರಣ ನಷ್ಟ ಗೊತ್ತಾಗುವುದಿಲ್ಲ. ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ 13.9 ವೋಲ್ಟ್ ತೋರಿಸಿತು; ಬಲ್ಬಿಗೆ ವೈರ್ ಸೇರುವ ಕಪ್ಲರಿನಲ್ಲಿ 12.0 ಮಾತ್ರ. ಉಳಿದ 1.9 ವೋಲ್ಟ್ ಎಲ್ಲಿ ಹೋಗುತ್ತಿದೆಯೆಂದು ತಿಳಿಯಲು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಬಲ್ಬಿನ ಪಾಸಿಟಿವ್ ಪಿನ್ನಿಗೂ ಹಿಡಿದೆ: 1.3 ವೋಲ್ಟ್. ಹಾಗೆಯೇ ಬಲ್ಬಿನ ಅರ್ಥ್ ಪಿನ್ನಿನಿಂದ, ಅಂದರೆ ಕರೆಂಟ್ ಹಿಂದಿರುಗುವ ಕಡೆಯಿಂದ, ಬ್ಯಾಟರಿಯ ನೆಗೆಟಿವ್‌ವರೆಗೆ 0.6 ವೋಲ್ಟ್. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಏರಿಳಿಯುವುದರಿಂದ, ವೋಲ್ಟೇಜ್ 14% ಇಳಿದರೆ ಬೆಳಕು ಇಳಿಯುವುದು 14% ಅಲ್ಲ, ಹೆಚ್ಚುಕಡಿಮೆ 40%. ಅಂದರೆ ಬ್ಯಾಟರಿಯ ವೋಲ್ಟೇಜ್ ಪೂರ್ತಿ ಸಿಕ್ಕಿದ್ದರೆ ಬರುತ್ತಿದ್ದ ಬೆಳಕಿನ ಐದರಲ್ಲಿ ಎರಡು ಪಾಲು ಹುಟ್ಟುವ ಮೊದಲೇ ವೈರಿನಲ್ಲಿ ಕರಗಿಹೋಗುತ್ತಿತ್ತು.

ಕಾರಣವೂ ಲೆಕ್ಕಕ್ಕೆ ಸಿಕ್ಕಿತು. ಕಂಪನಿಯ ವೈರಿಂಗಿನಲ್ಲಿ ಹೆಡ್‌ಲೈಟಿನ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಬಾಕ್ಸಿಗೆ, ಅಲ್ಲಿಂದ ಸ್ಟಿಯರಿಂಗ್ ಕೆಳಗಿನ ಸ್ವಿಚ್ಚಿಗೆ, ಡಿಮ್-ಬ್ರೈಟ್ ಬದಲಿಸುವ ಡಿಪ್ಪರಿಗೆ, ಮತ್ತೆ ಮುಂದಕ್ಕೆ ಬಲ್ಬಿಗೆ, ಹೀಗೆ ಸುತ್ತಿ ಸುಮಾರು 8 ಮೀಟರ್ ಹಾದು ಬರುತ್ತದೆ. ಅದು 1 ಚದರ ಮಿ.ಮೀ. ತಾಮ್ರದ ವೈರ್ ಆಗಿದ್ದು, ಮೀಟರಿಗೆ 0.017 ಓಮ್‌ನಂತೆ, ಎರಡು ಬಲ್ಬುಗಳ 9 ಆಂಪಿಯರ್ ಹರಿದಾಗ ವೈರಿನಲ್ಲಿಯೇ 1.2 ವೋಲ್ಟ್ ಕಳೆದುಹೋಗುತ್ತದೆ. ಸವೆದ ಸ್ವಿಚ್ ಸಂಪರ್ಕಗಳದ್ದು ಉಳಿದದ್ದು. ಅರ್ಥ್ ಕಡೆಯ ನಷ್ಟಕ್ಕೆ ಕಾರಣ ಒಂದೇ ಬೋಲ್ಟ್. ಒಳಗಿನ ಫ್ಯಾನು, ದೀಪ, ನೀರಿನ ಪಂಪುಗಳ ಅರ್ಥ್ ವೈರುಗಳನ್ನೂ ಹೆಡ್‌ಲೈಟಿನ ಅರ್ಥ್ ಬೋಲ್ಟಿಗೇ ಸೇರಿಸಲಾಗಿತ್ತು, ಅದರ ಕೆಳಗಿನ ತಗಡು ತುಕ್ಕು ಹಿಡಿದಿತ್ತು. ಮನೆಗಾಡಿ ಮಾಡುವವರೆಲ್ಲರೂ ಈ ಬೋಲ್ಟನ್ನು ಒಮ್ಮೆ ಬಿಚ್ಚಿ ನೋಡಬೇಕೆಂದು ನನ್ನ ವಿನಂತಿ, ಏಕೆಂದರೆ ಒಳಾಂಗಣದ ಕೆಲಸದಲ್ಲಿ ಹತ್ತಿರ ಸಿಕ್ಕ ಅರ್ಥ್‌ಗೆ ವೈರ್ ಸೇರಿಸುವುದು ಸಾಮಾನ್ಯವಾಗಿ ನಡೆಯುತ್ತದೆ.

ಪರಿಹಾರವಾಗಿ ಎರಡು 40 ಆಂಪಿಯರ್ ರಿಲೇಗಳನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ, ನಿಲ್ಲಿಸುವ ಸ್ವಿಚ್ಚುಗಳು), ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದರಂತೆ, ರೇಡಿಯೇಟರ್ ಪಕ್ಕದ ಚೌಕಟ್ಟಿಗೆ ನೀರು ಬೀಳದಂತೆ ಪಿನ್ನುಗಳು ಕೆಳಮುಖವಾಗಿರುವ ಹಾಗೆ ಕೂಡಿಸಿದೆವು. ಬ್ಯಾಟರಿಯಿಂದ 4 ಚದರ ಮಿ.ಮೀ. ವೈರ್ ನೇರವಾಗಿ ರಿಲೇಯ 30 ಎಂಬ ಗುರುತಿನ ಪಿನ್ನಿಗೆ ಬರುತ್ತದೆ, 87ರಿಂದ ಬಲ್ಬುಗಳಿಗೆ 2.5 ಚದರ ಮಿ.ಮೀ. ವೈರ್ ಹೋಗುತ್ತದೆ. ಹಳೆಯ ಹೆಡ್‌ಲೈಟ್ ವೈರ್ ಈಗ 86ಕ್ಕೆ ಸೇರಿ ರಿಲೇಯನ್ನು ಎಳೆಯುವ ಕೆಲಸ ಮಾತ್ರ ಮಾಡುತ್ತದೆ, 85 ಅರ್ಥ್‌ಗೆ. ಸ್ವಿಚ್ಚಿನಲ್ಲಿ ಹರಿಯುವ ಕರೆಂಟ್ ಈಗ ಒಂದು ಆಂಪಿಯರಿಗಿಂತ ಬಹಳ ಕಡಿಮೆ. ಬ್ಯಾಟರಿಯ ಪಕ್ಕದಲ್ಲಿಯೇ ಮುಖ್ಯ ಫ್ಯೂಸ್ ಇದೆ. ಅದರ ಜೊತೆಗೆ ಎಡ, ಬಲ, ಡಿಮ್, ಬ್ರೈಟ್ ನಾಲ್ಕಕ್ಕೂ ಬೇರೆ ಬೇರೆ 10 ಆಂಪಿಯರ್ ಫ್ಯೂಸುಗಳನ್ನು ಇಟ್ಟಿದ್ದೇವೆ. ಒಂದು ಹೋಲ್ಡರಿನಲ್ಲಿ ಶಾರ್ಟ್ ಆದರೆ ಎರಡೂ ದೀಪಗಳು ಒಟ್ಟಿಗೆ ಆರಬಾರದು. ದೇವರಾಯನದುರ್ಗ ಬೆಟ್ಟದ ತಿರುವಿನಲ್ಲಿ ಹಾಗಾದರೆ ಏನಾಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ. ಎರಡೂ ಬಲ್ಬುಗಳ ಅರ್ಥ್ ವೈರುಗಳನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ತಂದು, ಒಳಗಿನ ಫ್ಯಾನು, ದೀಪಗಳ ಬ್ಯಾಟರಿಯ ಅರ್ಥ್‌ಗೆ ಬೇರೆ ಬೋಲ್ಟ್ ಕೊಟ್ಟೆವು. ಮತ್ತೆ ಅಳೆದಾಗ ಬಲ್ಬಿನಲ್ಲಿ 13.5 ವೋಲ್ಟ್ ಇತ್ತು. ಬಲ್ಬ್ ಅದೇ 60/55, ಹೊಸದು ಅಷ್ಟೆ. ಬೆಳಕು ಮೊದಲಿಗಿಂತ ಸುಮಾರು ಒಂದೂವರೆ ಪಟ್ಟು. ವೋಲ್ಟೇಜ್ ಏರಿದಂತೆ ಬಲ್ಬಿನ ಆಯುಷ್ಯ ಬೇಗ ಕುಗ್ಗುತ್ತದೆ ಎಂಬುದು ನಿಜ, ಆದ್ದರಿಂದ ಒಂದು ಜೊತೆ ಬಲ್ಬ್ ಗಾಡಿಯಲ್ಲಿ ಸದಾ ಇರುತ್ತದೆ.

ಡೂಮಿನ, ಅಂದರೆ ಬಲ್ಬನ್ನು ಒಳಗೊಂಡ ಹೆಡ್‌ಲೈಟ್ ಪೆಟ್ಟಿಗೆಯ, ಹೊರಗವಚ ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕಿನದು, ಬಿಸಿಲಿಗೆ ಹಳದಿಯಾಗಿತ್ತು. 800, 1500, 2000 ಹೀಗೆ ಕ್ರಮವಾಗಿ ನಯವಾಗುವ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್ ಹೊಡೆಸಿದೆ. ಈ ಕೊನೆಯ ಲೇಪವಿಲ್ಲದಿದ್ದರೆ ಅದು ಬೇಗನೆ ಮತ್ತೆ ಮಂಕಾಗುತ್ತದೆ. ಒಳಗಿನ ಪ್ರತಿಫಲಕಕ್ಕೆ ಮಾತ್ರ ಬಟ್ಟೆ ತಾಗಿಸಬಾರದು. ಅದರ ಮೇಲಿನ ಅಲ್ಯೂಮಿನಿಯಂ ಪದರ ಅತಿ ತೆಳುವಾದುದು, ಒರೆಸಿದರೆ ಗೀರು ಬೀಳುತ್ತದೆ. ನಮ್ಮದು ಹೊಳಪು ಉಳಿಸಿಕೊಂಡಿತ್ತು. ಹೊಸ ಡೂಮ್ ಕೊಳ್ಳಬೇಕಾದವರು ಅದು ಎಡಬದಿ ಸಂಚಾರದ ದೇಶಕ್ಕೆ ಮಾಡಿದ್ದೇ ಎಂದು ನೋಡಿಕೊಳ್ಳಬೇಕು. ನಮ್ಮಲ್ಲಿ ಡಿಮ್ ಬೆಳಕಿನ ಅಂಚು ಎಡಕ್ಕೆ ಮೇಲೇರಬೇಕು. ಬಲಕ್ಕೆ ಏರುವಂಥದ್ದನ್ನು ಹಾಕಿದರೆ ಅದು ನೇರವಾಗಿ ಎದುರಿನ ಚಾಲಕನ ಮುಖಕ್ಕೆ ಬೀಳುತ್ತದೆ.

ಇನ್ನು ಬೆಳಕಿನ ಕೋನ. ಮನೆಗಾಡಿಯ ಮಟ್ಟಿಗೆ ವೈರಿಂಗಿನಷ್ಟೇ ಮುಖ್ಯವಾದುದು ಇದು, ಆದರೆ ಯಾರೂ ಇದರ ಬಗ್ಗೆ ಮಾತನಾಡುವುದಿಲ್ಲ. 100 ಲೀಟರ್ ನೀರು ಎಂದರೆ 100 ಕಿಲೋ ತೂಕ, ಅದು ನಮ್ಮಲ್ಲಿ ಹಿಂದಿನ ಚಕ್ರಗಳಿಗೂ ಹಿಂದೆ ಇದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಮೂರು ಮೀಟರಿಗಿಂತ ತುಸು ಹೆಚ್ಚು ಅಂತರವಿರುವ ಗಾಡಿಯಲ್ಲಿ ಹಿಂಭಾಗ ಕೇವಲ 3 ಸೆಂಟಿಮೀಟರ್ ಕುಸಿದರೆ ಬೆಳಕು ಸುಮಾರು 1% ಮೇಲೇರುತ್ತದೆ, ಅಂದರೆ 10 ಮೀಟರ್ ದೂರದಲ್ಲಿ 10 ಸೆಂಟಿಮೀಟರ್. ಖಾಲಿ ಗಾಡಿಯಲ್ಲಿ ಸರಿಯಾಗಿ ಹೊಂದಿಸಿದ್ದೆಲ್ಲ ಅಷ್ಟಕ್ಕೇ ವ್ಯರ್ಥವಾಗಿ, ಡಿಮ್ ಬೆಳಕು ನೆಲದ ಕಡೆಗೆ ಇಳಿಯದೆ ಬಹುತೇಕ ನೇರವಾಗಿ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಟ್ಯಾಂಕ್ ತುಂಬಿಸಿ, ಸಿಲಿಂಡರ್ ಮತ್ತು ಸಾಮಾನು ಇಟ್ಟು, ಟೈರುಗಳ ಗಾಳಿ ಸರಿಮಾಡಿ, ಚಾಲಕನ ಸೀಟಿನಲ್ಲಿ ನನ್ನ ತಮ್ಮನನ್ನು ಕೂರಿಸಿ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸಮತಟ್ಟಾದ ಅಂಗಳವೊಂದರಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿದೆ. ದೀಪದ ನಡುಬಿಂದು ನೆಲದಿಂದ 85 ಸೆಂಟಿಮೀಟರ್. ಗೋಡೆಯ ಮೇಲೆ 73 ಸೆಂಟಿಮೀಟರಿಗೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕಿನ ಸಮತಲ ಅಂಚು ಆ ಗೆರೆಗೆ ಕೂಡುವವರೆಗೆ ಡೂಮಿನ ಸ್ಕ್ರೂ ತಿರುಗಿಸಿದೆವು.

ಈ ಹೊಂದಿಕೆಯಲ್ಲಿ ಬೆಳಕು 10 ಮೀಟರಿಗೆ 12 ಸೆಂಟಿಮೀಟರಿನಂತೆ ಇಳಿದು ಸುಮಾರು 70 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಕಂಡದ್ದು ಮನಸ್ಸಿಗೆ ತಲುಪಿ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಒಟ್ಟು 53 ಮೀಟರಿನಷ್ಟು ದೂರದಲ್ಲಿ ಗಾಡಿ ನಿಲ್ಲುತ್ತದೆ. 80ರಲ್ಲಿ ಆ ದೂರ 80 ಮೀಟರ್ ದಾಟುತ್ತದೆ, ಅಂದರೆ ಬೆಳಕು ಮುಗಿದ ಮೇಲೂ ಗಾಡಿ ಓಡುತ್ತಿರುತ್ತದೆ. ಎಷ್ಟು ಒಳ್ಳೆಯ ಬಲ್ಬ್ ಹಾಕಿದರೂ ಡಿಮ್ ಬೆಳಕಿನ ಈ ಮಿತಿ ಬದಲಾಗುವುದಿಲ್ಲ. ಆದ್ದರಿಂದ ನಮ್ಮ ಗಾಡಿಗೆ ಡಿಮ್‌ನಲ್ಲಿ 60, ಮಳೆಯಲ್ಲಿ ಅದಕ್ಕಿಂತ ಕಡಿಮೆ ಎಂದು ಗೊತ್ತುಮಾಡಿಕೊಂಡಿದ್ದೇವೆ.

ಒಳಗಿನಿಂದಲೂ ಒಂದು ತೊಂದರೆ ಇತ್ತು. ಹಿಂದೆ ಕುಳಿತವರು ಅಡುಗೆಕಟ್ಟೆಯ ದೀಪ ಹಾಕಿದರೆ ಅದರ ಬಿಂಬ ಮುಂದಿನ ಗಾಜಿನ ಮೇಲೆ ಬಿದ್ದು ರಸ್ತೆ ಮಸುಕಾಗುತ್ತಿತ್ತು. ಚಾಲಕನ ಹಿಂದೆ ದಪ್ಪ ಕಪ್ಪು ಪರದೆ ಕಟ್ಟಿದ್ದೇನೆ, ಗಾಜಿನ ಒಳಮೈಯ ಜಿಡ್ಡನ್ನು ಸೋಪಿನ ನೀರಿನಿಂದ ತೊಳೆದಿದ್ದೇನೆ. ಖರ್ಚಿಲ್ಲದ ಈ ಎರಡು ಕೆಲಸಗಳಿಂದ ಸಿಕ್ಕ ಲಾಭ ಸಣ್ಣದಲ್ಲ.

ಮಧುಗಿರಿ ರಸ್ತೆಯಲ್ಲಿ ಈಗ ಡಿಮ್‌ನಲ್ಲಿಯೂ ಎಡ ಅಂಚಿನ ಬಿಳಿ ಗೆರೆ ತಪ್ಪದೆ ಕಾಣುತ್ತದೆ, ಎದುರಿನವರು ಡಿಪ್ಪರ್ ಹೊಡೆದು ಆಕ್ಷೇಪಿಸುವುದೂ ನಿಂತಿದೆ. ಬಾಕಿ ಇರುವುದು ಬಂಪರಿನ ಕೆಳಗೆ ಫಾಗ್ ಲ್ಯಾಂಪ್ ಕೂಡಿಸುವ ಕೆಲಸ. ಅದಕ್ಕೆ ಬೇರೆ ರಿಲೇ ಮತ್ತು ಫ್ಯೂಸ್ ಜಾಗ ಈಗಾಗಲೇ ಬಿಟ್ಟಿದ್ದೇವೆ. ವಾಹನ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮತ್ತು ದೀಪಗಳ ನಿಯಮಗಳನ್ನು ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿದುಕೊಂಡ ಮೇಲೆ, ಮುಂದಿನ ಚಳಿಗಾಲದ ಮಂಜಿಗೆ ಮುಂಚೆ ಅದನ್ನು ಮುಗಿಸುವ ಉದ್ದೇಶವಿದೆ.