ಹಸಿರು ಬಾಣ ಇರುವ ದಾರಿ

ಹೋದ ಶನಿವಾರ ಬೇಲಿಯಾಚೆಯ ಅಜ್ಜಿ ತಮ್ಮ ಹೊಸ ಲೈಸೆನ್ಸ್ ತೋರಿಸಲು ಬಂದರು, ನಮ್ಮ ಪುಟ್ಟಿ ತಾನು ಬರೆದ ಚಿತ್ರ ತೋರಿಸುವ ಹಾಗೆ. ಸಿಡ್ನಿ ಇರುವ ಈ ನ್ಯೂ ಸೌತ್ ವೇಲ್ಸ್‌ನಲ್ಲಿ 75 ಆದವರು ವರ್ಷ ವರ್ಷವೂ ಡಾಕ್ಟರ ಚೀಟಿ ಕೊಡಬೇಕು. 85 ಆದಮೇಲೆ ಎರಡು ವರ್ಷಕ್ಕೊಮ್ಮೆ ರಸ್ತೆಯಲ್ಲಿ ಓಡಿಸಿ ತೋರಿಸಬೇಕು. ಅದು ಬೇಡವೆಂದರೆ ಮನೆಯ ಆಸುಪಾಸಿಗಷ್ಟೇ ಸಾಲುವ ಲೈಸೆನ್ಸ್ ತಗೋಬಹುದು. ಅಜ್ಜಿ ಅದನ್ನೇ ತಗೊಂಡಿದ್ದಾರೆ. ಇನ್ನು ಅವರ ಕಾರಿಗೆ ಮನೆಯಿಂದ 10 ಕಿಲೋಮೀಟರೇ ಲೋಕ.

"ಅಯ್ಯೋ" ಅಂದೆ. ನಕ್ಕರು. ಸರ್ಕಾರದ್ದಕ್ಕಿಂತ ಮೊದಲೇ ಅವರ ಸ್ವಂತ ಕಾನೂನು ಜಾರಿಯಲ್ಲಿತ್ತಂತೆ. ಎದುರಿನ ಹೆಡ್‌ಲೈಟ್ ಕಣ್ಣಿಗೆ ಚುಚ್ಚತೊಡಗಿದ ಮೇಲೆ ಕತ್ತಲಲ್ಲಿ ಓಡಿಸಿಲ್ಲ. ಮಳೆಯಲ್ಲೂ ಇಲ್ಲ. ಸಿಗ್ನಲ್ ಇಲ್ಲದ ಕಡೆ ಬಲಕ್ಕೆ ತಿರುಗುವುದೇ ಇಲ್ಲ. ಇಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದಲ್ಲವೇ, ಬಲಕ್ಕೆ ಹೋಗಬೇಕಾದರೆ ಎದುರಿನ ಗಾಡಿ ಎಷ್ಟು ಜೋರಾಗಿ ಬರುತ್ತಿದೆಯೆಂದು ಅಂದಾಜು ಸಿಗಬೇಕು. ಆ ಅಂದಾಜು ಒಂದು ಸಲ ತಪ್ಪಿತ್ತು. ಅಂದಿನಿಂದ ಹಸಿರು ಬಾಣ ಇರುವ ಸಿಗ್ನಲ್‌ವರೆಗೆ ಸುತ್ತಿಕೊಂಡೇ ಲೈಬ್ರರಿಗೆ ಹೋಗುತ್ತಾರೆ.

"ನಿಮ್ಮ ಅಪ್ಪ?"

"ಅವರು ಬಿಟ್ಟರು."

"ಬಿಟ್ಟರೋ, ಬಿಡಿಸಿದಿರೋ?"

ಶಿವಮೊಗ್ಗದಲ್ಲಿ ಅಪ್ಪನ ಲೈಸೆನ್ಸಿಗೆ ಏನೂ ಆಗಿರಲಿಲ್ಲ. ನಮ್ಮಲ್ಲೂ 55 ದಾಟಿದವರು 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು, ಡಾಕ್ಟರು ನೋಡಿ ಫಾರ್ಮ್ 1ಎಗೆ ಸಹಿ ಹಾಕಬೇಕು. ಅಪ್ಪ ಡಾಕ್ಟರ ಮುಖವನ್ನೇ ನೋಡಿರಲಿಲ್ಲ, ಸಹಿಯಾದ ಫಾರಂ ಏಜೆಂಟ್ ತಂದುಕೊಟ್ಟಿದ್ದ. ಕಣ್ಣಿಗೆ ಪೊರೆ ಬಂದದ್ದು ನಮಗೆ ತಿಳಿದದ್ದು ಹಂಪ್ ಕಾಣದೆ ಸ್ಕೂಟರ್ ಸಮೇತ ಬಿದ್ದಾಗ. ಮೊಣಕೈ ತರಚಿತ್ತು, ಅಷ್ಟೇ.

ಫಾರಿನ್ನಿಂದ ಬಂದ ಮಗಳು ನಾನು, ಹದಿನೈದು ದಿನದಲ್ಲಿ ಎಲ್ಲ ಸರಿಮಾಡಿ ಹೋಗುವ ಅವಸರ. ಸ್ಕೂಟರ್ ಕೀಯನ್ನು ಅಕ್ಕಿ ಡಬ್ಬದಲ್ಲಿ ಮೊಣಕೈವರೆಗೆ ಕೈ ಇಳಿಸಿ ಹೂತಿಟ್ಟೆ. ಯಾರಿಗೂ ಹೇಳಲಿಲ್ಲ. ಅಪ್ಪ ಗೋಡೆಯ ಮೊಳೆ, ಶರಟಿನ ಜೇಬು, ಟಿವಿ ಹಿಂದೆ ಎಲ್ಲ ತಡಕಾಡಿದರು. ಮೂರನೇ ದಿನ ಹುಡುಕುವುದು ನಿಲ್ಲಿಸಿದರು. ನಾನು ಗೆದ್ದೆ ಅಂದುಕೊಂಡೆ. ಕೂರಿಸಿಕೊಂಡು ಕೇಳಿದ್ದರೆ ಮೊದಲು ರಾತ್ರಿ ಓಡಿಸುವುದನ್ನು ನಿಲ್ಲಿಸುತ್ತಿದ್ದರೇನೋ, ಆಮೇಲೆ ಗಾಂಧಿ ಬಜಾರಿನ ಗದ್ದಲ.

ಭಾನುವಾರ ಫೋನಿನಲ್ಲಿ ಹೇಳಿಬಿಟ್ಟೆ. "ಅಪ್ಪ, ಆವತ್ತು ಕೀ ನಾನೇ..."

"ಅಕ್ಕಿ ಡಬ್ಬ ತಾನೆ? ಗೊತ್ತು ಮಾರಾಯ್ತಿ. ನಿನ್ನ ಅಮ್ಮಂಗೆ ಮೂರನೇ ದಿನವೇ ಅಕ್ಕಿ ಅಳೆಯುವಾಗ ಸಿಕ್ಕಿತ್ತು."

"ಮತ್ತೆ ಯಾಕೆ ಓಡಿಸಲಿಲ್ಲ?"

ಅಷ್ಟರಲ್ಲಿ ಫೋನ್ ಅಮ್ಮನ ಕೈಗೆ ಹೋಗಿತ್ತು.